ಬಾಲದ ಕುಚ್ಚಿನಿಂದ ಎರಡು ಲಕೋಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಟ್ಟಕ್ಕೆ ಮೇಯಲು ಬಿಟ್ಟ ಆಕಳು ಸಂಜೆ ಕಿವಿ ಹರಿದುಕೊಂಡು ಕೊಟ್ಟಿಗೆಗೆ ಬರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಹೊಸದಲ್ಲ. ಗುರುತಿಗೆಂದು ಕಿವಿಗೆ ಹಾಕಿದ್ದ ಹಳದಿ ಓಲೆ ಯಾವುದೋ ಮುಳ್ಳುಮಟ್ಟಿಗೆ ಸಿಕ್ಕು ಅಲ್ಲೇ ಉಳಿದಿರುತ್ತದೆ. ಓಲೆಯ ಮೇಲಿದ್ದ 12 ಅಂಕಿಯ ಸಂಖ್ಯೆ ಪಶುಪಾಲನಾ ಇಲಾಖೆಯ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಹಾಕಿಸಿದ ಲಸಿಕೆ, ಮಾಡಿಸಿದ ಕೃತಕ ಗರ್ಭಧಾರಣೆ ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಆದರೆ ಆ ದಾಖಲೆಗೂ ಈ ಆಕಳಿಗೂ ಇದ್ದ ಕೊಂಡಿ ಕಳಚಿತು. ಮನೆಯವರಿಗೆ ಅದು ಗೌರಿಯೇ ಸರಿ. ವಿಮೆಯವರಿಗೆ, ಪೊಲೀಸರಿಗೆ, ಕೊಳ್ಳಲು ಬಂದವರಿಗೆ ಅದೊಂದು ಓಲೆಯಿಲ್ಲದ ದನ. ಓಲೆ ಇಲ್ಲದಿದ್ದರೆ ವಿಮೆಯ ಹಣ ಕೈಗೆ ಬರುವುದು ಎಷ್ಟು ಕಷ್ಟ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಳಚಿದ ಈ ಕೊಂಡಿಯನ್ನು ಡಿಎನ್‌ಎ ಪರೀಕ್ಷೆ ಮತ್ತೆ ಕೂಡಿಸಬಲ್ಲದು, ಒಂದು ಷರತ್ತಿನ ಮೇಲೆ. ಡಿಎನ್‌ಎ ಪರೀಕ್ಷೆ ಎಂದರೆ ಹೋಲಿಕೆ. ಎರಡು ಮಾದರಿ ಇದ್ದರೆ ಅವೆರಡೂ ಒಂದೇ ದನದ್ದೋ, ತಾಯಿ ಮತ್ತು ಕರುವಿನದ್ದೋ ಎಂದು ಹೇಳಬಹುದು. ಒಂದೇ ಮಾದರಿ ಹಿಡಿದುಕೊಂಡು ಹೋದರೆ, ಅದು ಯಾರ ಮನೆಯ ದನ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ದನ ಕಳೆದುಹೋದ ಮೇಲೆ ಮೊದಲ ಮಾದರಿಯನ್ನು ಎಲ್ಲಿಂದ ತರುವುದು? ಅದರ ತಾಯಿಯೋ ಕರುವೋ ಇನ್ನೂ ಮನೆಯಲ್ಲಿದ್ದರೆ ಅವುಗಳಿಂದ ಸಂಬಂಧ ತೋರಿಸಬಹುದು. ಇಲ್ಲವಾದರೆ ದಾರಿ ಮುಚ್ಚಿತು. ಆದ್ದರಿಂದ ಈ ಕೆಲಸ, ಆಕಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಮಲಗಿರುವಾಗಲೇ ಆಗಬೇಕು.

ಪ್ರಯೋಗಾಲಯದಲ್ಲಿ ನೋಡುವುದು ಏನನ್ನು? ಜೀವಕೋಶದೊಳಗೆ ಡಿಎನ್‌ಎಯನ್ನು ಹೊತ್ತ ಎಳೆಗಳೇ ವರ್ಣತಂತುಗಳು; ಆಕಳಿಗೆ ಇವು 30 ಜೋಡಿ, ನಮ್ಮ ಎಮ್ಮೆಗೆ 25 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಇವುಗಳಲ್ಲಿ ಕೆಲವು ಜಾಗಗಳಲ್ಲಿ ಡಿಎನ್‌ಎಯ ಎರಡೇ ಅಕ್ಷರಗಳು ಮಂತ್ರ ಜಪಿಸಿದ ಹಾಗೆ ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬರುತ್ತವೆ ಎಂಬುದು ದನದಿಂದ ದನಕ್ಕೆ ಬೇರೆ. ಇಂಥ ತುಣುಕಿನ ಉದ್ದ ಅಳೆಯುವುದೇ ಪರೀಕ್ಷೆ. ಪ್ರಾಣಿ ತಳಿಶಾಸ್ತ್ರದ ಅಂತರರಾಷ್ಟ್ರೀಯ ಸಂಘ ದನಗಳಿಗಾಗಿ ಇಂಥ 12 ಜಾಗಗಳನ್ನು ಗೊತ್ತುಮಾಡಿದೆ. ಅವುಗಳಲ್ಲಿ ಒಂದು ಬಿಎಂ 1824. ತಾಯಿಗೆ ಅಲ್ಲಿ 178 ಮತ್ತು 182 ಅಕ್ಷರ ಉದ್ದದ ತುಣುಕುಗಳಿವೆ, ಕರುವಿಗೆ 182 ಮತ್ತು 188 ಎಂದಿಟ್ಟುಕೊಳ್ಳಿ. 182 ತಾಯಿಯಿಂದ ಬಂತು. ಹಾಗಾದರೆ 188 ತಂದೆಯದೇ ಆಗಬೇಕು. ಅನುಮಾನ ಇರುವ ಹೋರಿಗೆ 178, 180 ಇದ್ದರೆ ಅದು ಈ ಜಾಗದಲ್ಲಿ ಹೊಂದಲಿಲ್ಲ. ಒಂದೇ ಜಾಗದಲ್ಲಿ ತಪ್ಪಿದರೆ ಅವಸರದ ತೀರ್ಪು ಬೇಡ, ಅಕ್ಷರಗಳ ಎಣಿಕೆ ಅಪರೂಪಕ್ಕೆ ತಾನಾಗಿಯೇ ಬದಲಾಗುವುದರಿಂದಲೂ ಹಾಗಾಗುತ್ತದೆ. ಎರಡು ಅಥವಾ ಹೆಚ್ಚು ಜಾಗಗಳಲ್ಲಿ ತಪ್ಪಿದರೆ ಆ ಹೋರಿ ತಂದೆಯಲ್ಲ.

ಇನ್ನು ಮಾದರಿ ತೆಗೆಯುವ ಕೆಲಸ. ಎಲ್ಲ ಕೆಡುವುದೂ ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರೈತರೇ ತೆಗೆಯಬಹುದಾದ ಮಾದರಿ ಕೂದಲು. ಬಾಲದ ಕುಚ್ಚನ್ನು ಹಿಂದಿನ ದಿನವೇ ತೊಳೆದು ಪೂರ್ತಿ ಒಣಗಲು ಬಿಡಿ. ಸಗಣಿ ಹತ್ತಿದ ಕೂದಲಿನಲ್ಲಿ ಬ್ಯಾಕ್ಟೀರಿಯಾ ಸೇರಿ ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತದೆ. ಐದಾರು ಕೂದಲನ್ನು ಬೆರಳಿಗೆ ಸುತ್ತಿ, ಚರ್ಮಕ್ಕೆ ಹತ್ತಿರ ಹಿಡಿದು ಒಂದೇ ಸೆಳೆತಕ್ಕೆ ಕೀಳಬೇಕು. ಹೀಗೆ ಐದಾರು ಸಲ ಮಾಡಿದರೆ 30 ಕೂದಲು ಸಿಗುತ್ತವೆ. ಕಿತ್ತದ್ದನ್ನು ಬೆಳಕಿಗೆ ಹಿಡಿದು ನೋಡಿ. ಬುಡದಲ್ಲಿ ಸಣ್ಣ ಬಿಳಿ ಗಂಟು ಕಾಣಬೇಕು. ಜೀವಕೋಶ ಇರುವುದು ಆ ಗಂಟಿನಲ್ಲಿ. ಕತ್ತರಿಯಿಂದ ಕತ್ತರಿಸಿದ ಕೂದಲು ಎಷ್ಟೇ ಇದ್ದರೂ ಈ ಪರೀಕ್ಷೆಗೆ ಬಾರದು. ಎಳೆಗರುವಿನ ಕೂದಲು ಸಪೂರ, ಬೇರೂ ಸಣ್ಣದು. ಅದಕ್ಕೆ 50 ಕೂದಲು ಇರಲಿ. ತಾಯಿ ನೆಕ್ಕಿದ ಜಾಗವನ್ನು ತೊಳೆಯದೆ ಕೂದಲು ಕಿತ್ತರೆ ಜೊಲ್ಲಿನೊಂದಿಗೆ ತಾಯಿಯ ಜೀವಕೋಶಗಳೂ ಬಂದು, ಕರುವಿನ ಮಾದರಿಯಲ್ಲಿ ಎರಡು ದನಗಳ ಗುರುತು ಕಲೆಯುತ್ತದೆ.

ಬೇರುಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ ಕಾಗದದ ಲಕೋಟೆಗೆ ಹಾಕಿ. ಅಂಟುಪಟ್ಟಿ ಹಚ್ಚುವುದಿದ್ದರೆ ತುದಿಯ ಕಡೆಗೆ ಹಚ್ಚಿ, ಬೇರಿನ ಮೇಲೆ ಬೇಡ. ಓಲೆಯ ಸಂಖ್ಯೆ, ಹೆಸರು, ಗಂಡೋ ಹೆಣ್ಣೋ, ತಾಯಿಯ ಓಲೆ ಸಂಖ್ಯೆ, ತಾರೀಕು, ಇಷ್ಟನ್ನೂ ಕೂದಲು ಕೀಳುವ ಮೊದಲೇ ಪೆನ್ಸಿಲಿನಿಂದ ಬರೆದಿಡಿ. ನಮ್ಮ ಹವೆಗೆ ಶಾಯಿ ಹರಡುತ್ತದೆ. ಒಂದು ಆಕಳ ಲಕೋಟೆ ಮುಚ್ಚಿ, ಕೈ ತೊಳೆದ ಮೇಲೆಯೇ ಇನ್ನೊಂದರ ಬಾಲ ಹಿಡಿಯಬೇಕು. ನಾಲ್ಕು ದನಗಳ ಕೂದಲು ಕಿತ್ತು ಜಗಲಿಯ ಮೇಲಿಟ್ಟು ಆಮೇಲೆ ಹೆಸರು ಬರೆಯಲು ಕೂತರೆ ಅದಲು ಬದಲಾಗದೆ ಇರುವುದಿಲ್ಲ. ಹಾಗೆ ಅದಲು ಬದಲಾದದ್ದನ್ನು ಪ್ರಯೋಗಾಲಯ ಕಂಡುಹಿಡಿಯುವುದೂ ಇಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೂ ಇದೇ ತಲೆನೋವು: ತೇವ. ಹಸಿ ಕೂದಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೆಲವೇ ದಿನಗಳಲ್ಲಿ ಬೂಸಲು ಹಿಡಿಯುತ್ತದೆ. ಒಣಗಿದ ಕೂದಲಿನ ಲಕೋಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ, ಬದಲಾಯಿಸಿ. ಇಡೀ ಕೊಟ್ಟಿಗೆಯ ಮಾದರಿ ತೆಗೆಯುವುದಿದ್ದರೆ ಜನವರಿ, ಫೆಬ್ರವರಿಯೇ ಒಳ್ಳೆಯದು.

ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ, ನೇರಳೆ ಮುಚ್ಚಳದ ನಳಿಕೆಯಲ್ಲಿ 5 ಮಿಲಿಲೀಟರ್ ಸಾಕು. ನಳಿಕೆಯನ್ನು ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು, ಇಲ್ಲವಾದರೆ ರಕ್ತ ಹೆಪ್ಪುಗಟ್ಟುತ್ತದೆ. ಹಸಿರು ಮುಚ್ಚಳದ ನಳಿಕೆ ಬೇಡ. ಅದರಲ್ಲಿರುವ ಹೆಪಾರಿನ್, ಡಿಎನ್‌ಎಯನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಗೆ ಅಡ್ಡ ಬರುತ್ತದೆ.

ರಕ್ತದಲ್ಲಿ ಇನ್ನೊಂದು ಮೋಸವಿದೆ. ಅವಳಿ ಕರುಗಳಿಗೆ ಹೊಟ್ಟೆಯಲ್ಲಿರುವಾಗಲೇ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಂಡಿರುತ್ತವೆ. ಒಂದರ ರಕ್ತಕಣ ಇನ್ನೊಂದರಲ್ಲಿ ನೆಲೆಸಿ ಬದುಕಿಡೀ ಉಳಿಯುತ್ತದೆ. ಇಂಥ ದನದ ರಕ್ತ ಕಳಿಸಿದರೆ ಎರಡು ದನಗಳ ಗುರುತು ಬರುತ್ತದೆ, ಮಾದರಿ ಕಲಬೆರಕೆಯಾಗಿದೆ ಎಂದು ವಾಪಸ್ಸೂ ಬರಬಹುದು. ಅವಳಿಗಳಿಗೆ ಕೂದಲಿನ ಬುಡದ ಮಾದರಿಯೇ ಸರಿ. ಇದೇ ಗುಣದಿಂದ ಒಂದು ಉಪಕಾರವೂ ಇದೆ. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೊಡ್ಡಾಗಿ ಉಳಿಯುತ್ತವೆ. ಅದರ ರಕ್ತದಲ್ಲಿ ಗಂಡಿನ ವೈ ವರ್ಣತಂತು ಕಂಡರೆ, ಮೂರು ವರ್ಷ ಹುಲ್ಲು ಹಾಕಿ ಬೆದೆಗೆ ಕಾಯುವ ಮೊದಲೇ ವಿಷಯ ತಿಳಿಯುತ್ತದೆ.

ತಂದೆಯ ಪ್ರಶ್ನೆ ನಮ್ಮ ಕಡೆ ಹೆಚ್ಚು ಬರುತ್ತದೆ. ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಕೊಡಿಸಿದ್ದು ಜೆರ್ಸಿಯದು, ಹುಟ್ಟಿದ ಕರು ನಮ್ಮ ಮಲೆನಾಡು ಗಿಡ್ಡ ತಳಿಯಂತಿದೆ. ಬಿಡಾಡಿ ಹೋರಿಯೋ, ವೀರ್ಯ ತುಂಬಿದ ಕಡ್ಡಿ ಅದಲು ಬದಲೋ? ಮೊದಲು ದಿನ ಎಣಿಸಿ. ಗಬ್ಬದ ಕಾಲ ಸುಮಾರು 280 ದಿನ, ಹತ್ತು ದಿನ ಹೆಚ್ಚುಕಡಿಮೆ ಸಹಜ. ಇಂಜೆಕ್ಷನ್ ಕೊಡಿಸಿದ ದಿನದಿಂದ 300 ದಿನ ದಾಟಿ ಕರು ಹಾಕಿದರೆ, 21 ದಿನಗಳ ನಂತರದ ಬೆದೆಯಲ್ಲಿ ಹೋರಿ ಹಾರಿದೆ ಎಂಬ ಅನುಮಾನ ಬಲವಾಗುತ್ತದೆ. ಇಂಜೆಕ್ಷನ್ನಿನ ದಿನವೇ ಹೋರಿಯೂ ಹಾರಿದ್ದರೆ ಎಣಿಕೆಯಿಂದ ತಿಳಿಯದು, ಡಿಎನ್‌ಎ ಒಂದೇ ದಾರಿ. ವೀರ್ಯದ ಕಡ್ಡಿ ಕಾಲು ಮಿಲಿಲೀಟರಿನದು, ಅದರ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಬಳಸಿದ ಖಾಲಿ ಕಡ್ಡಿಯನ್ನು ಕೇಳಿ ಪಡೆದು, ಒಣಗಿಸಿ ಲಕೋಟೆಯಲ್ಲಿಡಿ. ಒಳಗೆ ಅಂಟಿ ಉಳಿದ ವೀರ್ಯದಲ್ಲಿ ಹೋರಿಯ ಡಿಎನ್‌ಎ ಇರುತ್ತದೆ. ಊರಿನ ಹೋರಿಗಳು ಅಪ್ಪ ಮಗನೋ ಅಣ್ಣ ತಮ್ಮನೋ ಆಗಿದ್ದರೆ 12 ಜಾಗಗಳ ಪರೀಕ್ಷೆ ಅವುಗಳನ್ನು ಬೇರ್ಪಡಿಸಲು ಸೋಲಬಹುದು. ಆಗ ಒಂದೊಂದೇ ಅಕ್ಷರದ ವ್ಯತ್ಯಾಸ ನೋಡುವ ಚಿಪ್ ಪರೀಕ್ಷೆ ಬೇಕು. ದೇಸಿ ತಳಿಗಳಿಗೆಂದೇ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಇಂಡಿಗೌ ಚಿಪ್ 2021ರಲ್ಲಿ ಬಂತು. ಅದರಲ್ಲಿ 11,496 ಗುರುತುಗಳಿವೆ.

ಮಲೆನಾಡು ಗಿಡ್ಡ ಸಾಕುವವರಿಗೆ ಒಂದು ಮಾತು. ಇದು ಶುದ್ಧ ಗಿಡ್ಡ ಎಂದು ಒಂದೇ ಜೀನು ನೋಡಿ ಹೇಳುವ ಪರೀಕ್ಷೆ ಇಲ್ಲ. ನೂರಾರು ಗಿಡ್ಡಗಳ ಮಾದರಿಯೊಂದಿಗೆ ಹೋಲಿಸಿ, ಎಷ್ಟು ಪಾಲು ಹೊಂದುತ್ತದೆ ಎಂದಷ್ಟೇ ಹೇಳಬಹುದು. ಎ2 ಹಾಲಿನ ಪರೀಕ್ಷೆಯೂ ತಳಿಯ ಪರೀಕ್ಷೆಯಲ್ಲ. ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನ 67ನೇ ಸ್ಥಾನದಲ್ಲಿ ಏನಿದೆ ಎಂಬುದನ್ನು ಅದು ತಿಳಿಸುತ್ತದೆ, ಅಷ್ಟೇ. ಎ2 ಎಂದು ಬರೆದ ಕಾಗದ ತೋರಿಸಿ ಶುದ್ಧ ಗಿಡ್ಡ ಎಂದು ಮಾರಲು ಬಂದರೆ ಒಪ್ಪಬೇಡಿ.

ಐರ್ಲೆಂಡಿನಲ್ಲಿ 2013ರಿಂದ ಕರುಗಳಿಗೆ ಹಾಕುವ ಓಲೆಯ ವಿಶೇಷ ನೋಡಿ. ಕಿವಿ ಚುಚ್ಚುವಾಗಲೇ ಆ ತೂತಿನ ಚರ್ಮದ ಚೂರು ಪುಟ್ಟ ಡಬ್ಬಿಯೊಳಗೆ ಬೀಳುತ್ತದೆ, ಡಬ್ಬಿಯ ಮೇಲೆ ಓಲೆಯದೇ ಸಂಖ್ಯೆ. ಅದನ್ನು ಶುರುಮಾಡಿದ್ದು ಬಿವಿಡಿ ಎಂಬ ವೈರಸ್ ರೋಗ ಹುಡುಕಲು. ಅದೇ ಚೂರಿನಿಂದ ಡಿಎನ್‌ಎಯೂ ಸಿಗುತ್ತದೆ. ಓಲೆಯೂ ಮಾದರಿಯೂ ಒಂದೇ ಗಳಿಗೆಯಲ್ಲಿ ಆಗುವುದರಿಂದ ಹೆಸರು ಅದಲು ಬದಲಾಗುವ ಮಾತೇ ಇಲ್ಲ. ನಮ್ಮ ಬೆಟ್ಟದ ದನಗಳಿಗೆ ಇಂಥದೇ ಓಲೆ ಬರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಕಳವು, ಒಡೆತನದ ತಕರಾರು ಇದ್ದಾಗ ಮನೆಯಲ್ಲೇ ಕಿತ್ತ ಕೂದಲು ನಿಮಗೆ ದಾರಿ ತೋರಿಸುತ್ತದೆ, ಸಾಕ್ಷ್ಯವಾಗಿ ಪೂರ್ತಿ ನಿಲ್ಲುವುದು ಕಷ್ಟ. ಸಿಕ್ಕ ದನದ ಮಾದರಿಯನ್ನು ಪಶುವೈದ್ಯರು ಪಂಚರ ಎದುರು ತೆಗೆದು, ಲಕೋಟೆಗೆ ಮೊಹರು ಹಾಕಿ, ಮಹಜರಿನಲ್ಲಿ ಬರೆಸಬೇಕು. ನಿಮ್ಮ ಹಳೆಯ ಲಕೋಟೆಯನ್ನೂ ಮೊದಲೇ ಪಶು ಆಸ್ಪತ್ರೆಯ ಸಹಿ, ಮೊಹರು ಹಾಕಿಸಿ ಇಟ್ಟಿದ್ದರೆ ಅದಕ್ಕೆ ತೂಕ ಬರುತ್ತದೆ.

ಮಾದರಿ ಕಳಿಸುವುದು ನಿಮ್ಮ ಪಶು ಆಸ್ಪತ್ರೆಯ ಮೂಲಕವೇ ಆಗಲಿ. ಯಾವ ಮಾದರಿ ಬೇಕು ಎಂದು ಪ್ರಯೋಗಾಲಯವನ್ನು ಮುಂಚೆಯೇ ಕೇಳಿಸಿ. ವರದಿ ಬಂದಾಗ ಹೌದು, ಅಲ್ಲ ಎಂಬ ಒಂದು ಸಾಲಿಗೆ ತೃಪ್ತರಾಗದೆ, ಪ್ರತಿ ಜಾಗದ ಎರಡೆರಡು ಅಂಕಿಗಳ ಪಟ್ಟಿ ಕೇಳಿ ಪಡೆಯಿರಿ. ಆದರೆ 12 ಜಾಗಗಳ ಉದ್ದ ಅಳೆದ ಪಟ್ಟಿಯನ್ನು ಚಿಪ್ ಪರೀಕ್ಷೆಯ ಪಟ್ಟಿಯೊಂದಿಗೆ ನೇರವಾಗಿ ಹೋಲಿಸಲಾಗದು. ಎರಡರ ಲಿಪಿಯೇ ಬೇರೆ. ಇವತ್ತು ಒಂದು ವಿಧಾನದಲ್ಲಿ ಮಾಡಿಸಿ, ಐದು ವರ್ಷದ ಮೇಲೆ ಪ್ರಯೋಗಾಲಯ ಇನ್ನೊಂದಕ್ಕೆ ಬದಲಾಗಿದ್ದರೆ ಹಳೆಯ ಕಾಗದ ಹೋಲಿಕೆಗೆ ಬಾರದು. ಅದಕ್ಕೇ ಕೂದಲು ಕೀಳುವಾಗ 30ರ ಎರಡು ಲಕೋಟೆ ಮಾಡಿ. ಒಂದನ್ನು ಕಳಿಸಿ, ಇನ್ನೊಂದು ಡಬ್ಬಿಯಲ್ಲೇ ಇರಲಿ.

ನಮಸ್ಕಾರ.