ನಲ್ಲಿ ಕೆಮ್ಮುವವರೆಗೂ

ನಮಸ್ಕಾರ. ಡಿಸೆಂಬರ್ ಬಂತೆಂದರೆ ಇಲ್ಲಿ ಅಮೆರಿಕದ ಉತ್ತರದ ಚಳಿನಾಡು ಮಿನ್ನೆಸೋಟದ ಕನ್ನಡದವರ ಮನೆಗಳಲ್ಲಿ ಸೂಟ್‌ಕೇಸು ತೂಗುವ ಕೆಲಸ ಶುರು. ಒಂದು ತಿಂಗಳು ಊರಿಗೆ ಹೊರಡುವುದಲ್ಲವೇ? ಗಿಡಗಳನ್ನು ಪಕ್ಕದ ಮನೆಗೆ ದಾಟಿಸುತ್ತೇವೆ, ಟಪಾಲು ತಡೆದಿಡಲು ಹೇಳುತ್ತೇವೆ. ಪೈಪಿನೊಳಗೆ ನಿಂತ ನೀರು ಮಾತ್ರ ನೆನಪಾಗುವುದಿಲ್ಲ.

ನನಗೂ ಆಗಿರಲಿಲ್ಲ. ಒಂದು ಜನವರಿಯ ಕೊನೆಗೆ ಬಂದು ನೋಡಿದರೆ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ನಿಂತಿತ್ತು, ಮನೆ ಫ್ರಿಜ್ಜಿಗಿಂತ ತಣ್ಣಗಿತ್ತು. ಹೇಗೋ ಹೊತ್ತಿಸಿದೆವು. ಎರಡು ಗಂಟೆ ಕಳೆದು ಮೈ ಬೆಚ್ಚಗಾಗುವ ಹೊತ್ತಿಗೆ ಬೇಸ್‌ಮೆಂಟಿನಲ್ಲಿ ಮಳೆ ಸುರಿದ ಸದ್ದು. ತಾಮ್ರದ ಪೈಪು ಹತ್ತಿಕಾಯಿ ಬಿರಿದ ಹಾಗೆ ಬೆರಳುದ್ದ ಸೀಳಿ, ಅಂಚು ಹೊರಕ್ಕೆ ಮಗುಚಿಕೊಂಡಿತ್ತು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನೊಳಗಿನ ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ, ಪೈಪನ್ನೇ ಸೀಳುತ್ತದೆ. ಗಡ್ಡೆ ಕರಗುವ ತನಕ ನಮಗೆ ಸುಳಿವೂ ಸಿಗುವುದಿಲ್ಲ. ಇದು ಉತ್ತರದವರ ಪಾಡು ಮಾತ್ರ ಅಂದುಕೊಳ್ಳಬೇಡಿ, 2021ರ ಫೆಬ್ರುವರಿಯಲ್ಲಿ ದಕ್ಷಿಣದ ಟೆಕ್ಸಸ್‌ನಲ್ಲೂ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು.

ಈಗ ಹೊರಡುವ ಹಿಂದಿನ ದಿನ ಪೈಪಿನ ನೀರೆಲ್ಲ ತೆಗೆದೇ ಹೋಗುತ್ತೇನೆ. ಮುಖ್ಯ ವಾಲ್ವ್ ಮುಚ್ಚಿ ಕೆಳಗಿನ ನಲ್ಲಿ ಬಿಟ್ಟರೆ ಬಹುಪಾಲು ತಾನೇ ಇಳಿಯುತ್ತದೆ. ಆದರೆ ಪೈಪು ಜೋತುಬಿದ್ದ ಕಡೆ, ತಿರುವುಗಳಲ್ಲಿ ಒಂದೆರಡು ಲೋಟ ಉಳಿದೇ ಉಳಿಯುತ್ತದೆ. ಅದನ್ನು ಗಾಳಿಯಿಂದ ಊದಿ ಹೊರದಬ್ಬಲಿಕ್ಕೇ ಕಂಪ್ರೆಸರ್, ಅಂದರೆ ಗಾಳಿಯನ್ನು ಒತ್ತಿ ತುಂಬಿಡುವ ಯಂತ್ರ.

ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 150 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಇರುತ್ತದೆ. ಅದಕ್ಕೆ ಮರುಳಾಗಬೇಡಿ. ಕಾರಿನ ಚಕ್ರಕ್ಕೆ 33ರ ಆಸುಪಾಸು ಹಾಕುತ್ತೇವೆ, ಮನೆಯ ಪೈಪಿಗೆ 40 ಸಾಕು, 50 ದಾಟಿಸುವುದು ಬೇಡ. ಬೇಕಾದದ್ದು ಒತ್ತಡವಲ್ಲ, ಗಾಳಿಯ ಪ್ರಮಾಣ. ಚಕ್ರಕ್ಕೆ ಗಾಳಿ ಹಾಕುವ ಪುಟ್ಟ ಯಂತ್ರ 100 ಪಿಎಸ್‌ಐ ತೋರಿಸಬಹುದು, ಆದರೆ ಅದಕ್ಕೆ ತೊಟ್ಟಿಯೇ ಇಲ್ಲ. ಅದರ ಬಡಕಲು ಗಾಳಿ ನೀರಿನ ಮೇಲೆ ಸವರಿಕೊಂಡು ಹೋಗುತ್ತದೆ, ನೀರು ಅಲ್ಲೇ ಕೂತಿರುತ್ತದೆ. ದೋಸೆಯಂತೆ ಚಪ್ಪಟೆ ತೊಟ್ಟಿಯ 6 ಗ್ಯಾಲನ್, ಅಂದರೆ 23 ಲೀಟರಿನದು ಸಾಧಾರಣ ಮನೆಗೆ ಸಾಕು. ಸದ್ದು ಮಾತ್ರ ಹಿಟ್ಟಿನ ಗಿರಣಿಯದೇ! ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲೇಬೇಕು. ಎಣ್ಣೆ ಬೇಡದ ಮಾದರಿಯನ್ನೇ ಕೊಳ್ಳಿ, ನಾವು ಕುಡಿಯುವ ನೀರಿನ ಪೈಪದು. ವರ್ಷಕ್ಕೊಂದು ದಿನದ ಕೆಲಸಕ್ಕೆ ಗೆಳೆಯರಿಂದ ಕಡ ತಂದರೂ ನಷ್ಟವಿಲ್ಲ. ಹುಲ್ಲುಹಾಸಿನ ಸ್ಪ್ರಿಂಕ್ಲರಿಗೆ ಇದು ಸಾಲದು. ಟ್ರಕ್ಕಿನ ಹಿಂದೆ ದೊಡ್ಡ ಯಂತ್ರ ಎಳೆದು ತರುವವರಿಗೆ ಅಕ್ಟೋಬರಿನಲ್ಲೇ ಹೇಳಿಬಿಡಿ.

ಬಟ್ಟೆ ಒಗೆಯುವ ಯಂತ್ರದ ನಲ್ಲಿಗೆ ಗಾಳಿಯ ಕೊಳವೆ ಜೋಡಿಸಬಹುದು, ಹಿತ್ತಾಳೆಯ ಜೋಡಣೆ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೂ ಮೊದಲು ವಾಟರ್ ಹೀಟರಿನ ಗ್ಯಾಸ್ ಅಥವಾ ಕರೆಂಟು ಆರಿಸಿ, ಆಮೇಲೆ ಅದನ್ನು ಖಾಲಿ ಮಾಡಿ. ಈ ಕ್ರಮ ತಪ್ಪಿಸಬೇಡಿ, ನೀರಿಲ್ಲದೆ ಉರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಫಿಲ್ಟರುಗಳನ್ನು ಬೈಪಾಸ್ ಮಾಡಿ. ನಂತರ ಮೇಲಿನ ಮಹಡಿಯಿಂದ ಒಂದೊಂದೇ ನಲ್ಲಿ ತೆರೆಯುತ್ತ ಬನ್ನಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಗಾಳಿ ಚದುರಿಹೋಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮುಂಚೆ ನಲ್ಲಿ ಹೇಗೆ ಕೆಮ್ಮುತ್ತದೋ ಇಲ್ಲಿಯೂ ಹಾಗೇ: ಮೊದಲು ಧಾರೆ, ಆಮೇಲೆ ಖೊಕ್ ಖೊಕ್, ಕೊನೆಗೆ ಬರೀ ಉಸಿರು. ಬಿಸಿನೀರಿನ ಕಡೆ ತಡವಾದರೆ ಗಾಬರಿ ಬೇಡ, ಖಾಲಿ ಹೀಟರ್ ಮೊದಲು ಗಾಳಿ ತುಂಬಿಕೊಳ್ಳುತ್ತದೆ. ಷವರು, ಫ್ಲಷ್ಷು, ಪಾತ್ರೆ ತೊಳೆಯುವ ಯಂತ್ರ, ಯಾವುದನ್ನೂ ಬಿಡಬೇಡಿ.

ಸಿಂಕಿನ ಕೆಳಗಿನ ಬಾಗಿದ ಪೈಪಿನ ನೀರಿಗೆ ಈ ಗಾಳಿ ತಲುಪುವುದಿಲ್ಲ. ಅಲ್ಲಿಗೂ ಕಮೋಡಿಗೂ ಚಳಿಗೆ ಹೆಪ್ಪುಗಟ್ಟದ, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ಸುರಿಯಿರಿ. ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ದ್ರವ ಬೇಡವೇ ಬೇಡ, ಅದು ವಿಷ.

ಊರಿಂದ ಹಿಂತಿರುಗಿದಾಗ ನಿದ್ದೆಗಣ್ಣಲ್ಲಿ ವಾಲ್ವನ್ನು ಒಮ್ಮೆಗೇ ತೆರೆಯಬೇಡಿ. ಮನೆ ಬೆಚ್ಚಗಾಗಲಿ. ನಲ್ಲಿಗಳೆಲ್ಲ ತೆರೆದಿರಲಿ, ವಾಲ್ವನ್ನು ಸ್ವಲ್ಪವೇ ತಿರುಗಿಸಿ. ಒಬ್ಬರು ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು ನಿಂತಿರಲಿ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.