ಒಂದು ಪತ್ರ, ಒಂದು ತಂತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಫ್ರಾನ್ಸಿನ ಒಬ್ಬ ರಾಜಕಾರಣಿಯ ಕಥೆ. ಹೆಸರು ಜೂಲ್ ಫೆರಿ. ಹಳೆಯ ಫೋಟೋಗಳಲ್ಲಿ ನೋಡಿದರೆ ಎರಡೂ ಕೆನ್ನೆಯ ಮೇಲೆ ಪೊದೆಯ ಹಾಗೆ ಇಳಿಬಿದ್ದ ಕೂದಲು, ನಡುವೆ ಬೋಳಿಸಿದ ಗದ್ದ, ನಗದ ಮುಖ. ನಾನು ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಫೆರಿ ನನಗೆ ಗೊತ್ತಾದದ್ದು ಆತ ಮೇಷ್ಟ್ರುಗಳಿಗೆ ಬರೆದ ಒಂದು ಪತ್ರದಿಂದ. ಪತ್ರ ತುಂಬಾ ಇಷ್ಟವಾಯಿತು. ಬರೆದವನ ಬದುಕು ಹೇಗಿತ್ತು ಅಂತ ಹುಡುಕಿಕೊಂಡು ಹೋದೆ. ಓದುತ್ತಾ ಹೋದ ಹಾಗೆ ಮನಸ್ಸು ಭಾರವಾಯಿತು. ಯಾಕೆ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಫೆರಿ ಹುಟ್ಟಿದ್ದು 1832ರ ಏಪ್ರಿಲ್ 5ರಂದು, ಸ್ಯಾಂದಿಯೆ ಎಂಬ ಊರಿನಲ್ಲಿ. ಫ್ರಾನ್ಸಿನ ಪೂರ್ವಕ್ಕೆ ವೋಜ್ ಎಂಬ ಬೆಟ್ಟಸಾಲಿದೆ. ಅದರ ಮಡಿಲಿನ ಸಣ್ಣ ಊರು ಇದು. ಅಮೆರಿಕ ಎಂಬ ಹೆಸರು ಮೊದಲ ಸಲ ಅಚ್ಚಾದದ್ದು ಈ ಊರಿನಲ್ಲೇ, 1507ರಲ್ಲಿ. ಬೆಟ್ಟ ದಾಟಿದರೆ ಆಲ್ಸಾಸ್ ಪ್ರಾಂತ್ಯ. ಈ ಬೆಟ್ಟವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ತಂದೆ ವಕೀಲರು. ತಾಯಿ ಮಗು ಇನ್ನೂ ಚಿಕ್ಕದಿರುವಾಗಲೇ ತೀರಿಕೊಂಡರು. ಹುಡುಗ ಮುಂದೆ ಪ್ಯಾರಿಸ್‌ಗೆ ಹೋಗಿ ಕಾನೂನು ಓದಿದ. 19 ವರ್ಷದವನಿದ್ದಾಗ, 1851ರ ಡಿಸೆಂಬರ್‌ನಲ್ಲಿ, ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ ರಾತ್ರೋರಾತ್ರಿ ಸಂಸತ್ತನ್ನು ವಿಸರ್ಜಿಸಿದ. ಮರುವರ್ಷ ಚಕ್ರವರ್ತಿಯೇ ಆಗಿಬಿಟ್ಟ. ಫೆರಿಯಂಥ ಹುಡುಗರ ಇಡೀ ಯೌವನ ಆ ಚಕ್ರವರ್ತಿಯ ಆಳ್ವಿಕೆಯಲ್ಲೇ ಕಳೆಯಿತು. ಗಣರಾಜ್ಯ ಮತ್ತೆ ಬರಬೇಕು ಅನ್ನುವುದು ಅವರಿಗೆ ಬರೀ ಪುಸ್ತಕದ ಮಾತಾಗಿರಲಿಲ್ಲ.

ಫೆರಿಯ ಹೆಸರು ಜನರ ಬಾಯಿಗೆ ಬಂದದ್ದು 1868ರಲ್ಲಿ. ಆಗ ಓಸ್ಮನ್ ಎಂಬ ಅಧಿಕಾರಿ ಪ್ಯಾರಿಸ್ಸಿನ ಹಳೆಯ ಓಣಿಗಳನ್ನು ಒಡೆದು ಅಗಲ ರಸ್ತೆಗಳನ್ನು ಮಾಡಿಸುತ್ತಿದ್ದ. ಸಾಲದ ಮೇಲೆ ಸಾಲ. ಫೆರಿ ಪತ್ರಿಕೆಯಲ್ಲಿ ಅದರ ಲೆಕ್ಕಪತ್ರ ಬಿಚ್ಚಿಟ್ಟ. ಆ ಲೇಖನಗಳಿಗೆ 'ಓಸ್ಮನ್ನನ ಅದ್ಭುತ ಲೆಕ್ಕಗಳು' ಎಂದು ಹೆಸರಿಟ್ಟ. ಫ್ರೆಂಚಿನಲ್ಲಿ ಲೆಕ್ಕ, ಕಥೆ ಎರಡೂ ಪದಗಳ ಉಚ್ಚಾರ ಒಂದೇ. ಹೋಫ್ಮನ್ ಎಂಬ ಲೇಖಕನ ಅದ್ಭುತ ಕಥೆಗಳು ಆಗ ಮನೆಮಾತಾಗಿದ್ದವು. ಹೆಸರು ಕೇಳಿದ ಕೂಡಲೇ ಊರಿಗೆ ಊರೇ ನಕ್ಕಿತು. ಮರುವರ್ಷ ಆತ ಪ್ಯಾರಿಸ್‌ನಿಂದ ಗೆದ್ದು ಸಂಸತ್ತಿಗೆ ಹೋದ.

1870ರ ಏಪ್ರಿಲ್ 10. ಪ್ಯಾರಿಸ್ಸಿನ ಒಂದು ಸಭೆಯಲ್ಲಿ ಫೆರಿ ಮಾತಾಡಿದ. ನಮ್ಮ ಕಾಲದ ಎಲ್ಲ ಸಮಸ್ಯೆಗಳಲ್ಲಿ ಒಂದನ್ನು ಆರಿಸಿಕೊಂಡಿದ್ದೇನೆ, ನನ್ನ ಬುದ್ಧಿ, ನನ್ನ ಹೃದಯ, ನನ್ನ ಮೈಯ ಶಕ್ತಿ ಎಲ್ಲವನ್ನೂ ಅದಕ್ಕೇ ಕೊಡುತ್ತೇನೆ, ಅದು ಜನಸಾಮಾನ್ಯರ ವಿದ್ಯೆ ಎಂದ. ಬಡವನ ಮಗು, ಸಾಹುಕಾರನ ಮಗು ಒಂದೇ ಬೆಂಚಿನ ಮೇಲೆ ಕೂರದೆ ಸಮಾನತೆ ಎಲ್ಲಿಂದ ಬರಬೇಕು ಅನ್ನುವುದು ಆತನ ವಾದ. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆಯೂ ಅವತ್ತೇ ಗಟ್ಟಿಯಾಗಿ ಮಾತಾಡಿದ. ಆಗ ಆತನ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ.

ಮೂರು ತಿಂಗಳಲ್ಲಿ ಜರ್ಮನರ ಪ್ರಷ್ಯಾ ರಾಜ್ಯದ ಜೊತೆ ಯುದ್ಧ ಬಂತು. ಬೇಡ ಅಂದ ಕೆಲವೇ ಮಂದಿಯಲ್ಲಿ ಫೆರಿಯೂ ಒಬ್ಬ. ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿಯೇ ಶತ್ರುವಿಗೆ ಸೆರೆಸಿಕ್ಕ. ಪ್ಯಾರಿಸ್‌ನಲ್ಲಿ ಗಣರಾಜ್ಯ ಘೋಷಣೆಯಾಯಿತು. ಫೆರಿಯ ತಲೆಯ ಮೇಲೆ ಬಿದ್ದದ್ದು ಪ್ಯಾರಿಸ್ ನಗರದ ಆಡಳಿತ, ಅದೂ ಶತ್ರುಸೈನ್ಯ ಊರನ್ನು ಸುತ್ತುವರಿದಿದ್ದಾಗ. ಆ ಚಳಿಗಾಲದಲ್ಲಿ ಜನ ಕುದುರೆ ತಿಂದರು, ಇಲಿ ತಿಂದರು. ಪ್ರಾಣಿ ಸಂಗ್ರಹಾಲಯದ ಎರಡು ಆನೆಗಳನ್ನೂ ಕೊಂದು ಮಾಂಸ ಮಾರಿದರು. ಜನವರಿಯಲ್ಲಿ ಒಬ್ಬರಿಗೆ ದಿನಕ್ಕೆ 300 ಗ್ರಾಂ ರೊಟ್ಟಿ. ರೇಷನ್ ಕೊಡುವವನ ಮೇಲೆ ತಾನೇ ಹಸಿದವರ ಸಿಟ್ಟು? 'ಬರಗಾಲದ ಫೆರಿ' ಅಂತ ಅಡ್ಡಹೆಸರು ಅಂಟಿತು. 1871ರ ಮಾರ್ಚ್ 18ರಂದು ಪ್ಯಾರಿಸ್ ದಂಗೆ ಎದ್ದಾಗ ನಗರಭವನ ಬಿಟ್ಟು ಕೊನೆಯಲ್ಲಿ ಹೊರಟವನು ಆತನೇ. ಪ್ಯಾರಿಸ್ ಜನ ಮತ್ತೆ ಆತನನ್ನು ಪ್ರೀತಿಸಲೇ ಇಲ್ಲ.

ಯುದ್ಧ ಸೋತ ಫ್ರಾನ್ಸ್ ಜರ್ಮನಿಗೆ 500 ಕೋಟಿ ಫ್ರಾಂಕ್ ದಂಡ ಕೊಟ್ಟಿತು. ಆಲ್ಸಾಸನ್ನೂ ಬಿಟ್ಟುಕೊಟ್ಟಿತು. ಫೆರಿಯ ಊರಿನ ಎದುರಿನ ಬೆಟ್ಟವೇ ಈಗ ಎರಡು ದೇಶಗಳ ಗಡಿ. 1875ರಲ್ಲಿ ಆತ ಮದುವೆಯಾದ ಯೂಜೆನಿ ರಿಸ್ಲರ್ ಕೂಡ ಆಲ್ಸಾಸಿನ ಮನೆತನದ ಹೆಣ್ಣುಮಗಳು.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ. 1879ರ ಫೆಬ್ರವರಿಯಲ್ಲಿ ಫೆರಿ ಶಿಕ್ಷಣ ಮಂತ್ರಿಯಾದ. ಮುಂದಿನ ನಾಲ್ಕು ವರ್ಷಗಳಲ್ಲಿ, ನಡುವೆ ಪ್ರಧಾನಿಯೂ ಆಗಿ, ಆತ ಮಾಡಿದ ಕೆಲಸ ನೋಡಿದರೆ ನನಗೆ ಇವತ್ತಿಗೂ ಬೆರಗು. ಮೊದಲು ಮುಟ್ಟಿದ್ದು ಮೇಷ್ಟ್ರನ್ನು. ಪ್ರತಿ ಜಿಲ್ಲೆಯಲ್ಲೂ ಗಂಡಸರಿಗೊಂದು, ಹೆಂಗಸರಿಗೊಂದು ಶಿಕ್ಷಕರ ತರಬೇತಿ ಶಾಲೆ ಇರಲೇಬೇಕು ಅಂತ 1879ರ ಆಗಸ್ಟ್‌ನಲ್ಲಿ ಕಾನೂನು ತಂದ. ಕಲಿಸುವವರನ್ನು ತಯಾರು ಮಾಡದೆ ಶಾಲೆ ತೆರೆದು ಏನು ಪ್ರಯೋಜನ, ಅಲ್ವಾ? 1881ರ ಜೂನ್ 16ರ ಕಾನೂನಿನಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಫೀಸು ಹೋಯಿತು. ಸರ್ಟಿಫಿಕೇಟ್ ಇಲ್ಲದೆ ಯಾರೂ ಪಾಠ ಹೇಳುವಂತಿಲ್ಲ ಅಂತಲೂ ಅದೇ ದಿನ ಕಾನೂನಾಯಿತು. ಅದಕ್ಕೆ ಮುಂಚೆ ಸನ್ಯಾಸಿನಿಯರು ತಮ್ಮ ಮಠದ ಒಂದು ಚೀಟಿ ತೋರಿಸಿದರೆ ಸಾಕಿತ್ತು. 1882ರ ಮಾರ್ಚ್ 28ರಂದು ಬಂದದ್ದು ದೊಡ್ಡ ಕಾನೂನು. 6ರಿಂದ 13 ವರ್ಷದ ಎಲ್ಲ ಮಕ್ಕಳಿಗೂ, ಹೆಣ್ಣಾಗಲಿ ಗಂಡಾಗಲಿ, ಕಲಿಕೆ ಕಡ್ಡಾಯ. ಮಗುವನ್ನು ಪದೇ ಪದೇ ಶಾಲೆ ತಪ್ಪಿಸಿದರೆ ತಂದೆಯ ಹೆಸರು ಊರಿನ ಪುರಭವನದ ಬಾಗಿಲ ಮೇಲೆ ಹದಿನೈದು ದಿನವೋ ಒಂದು ತಿಂಗಳೋ ಅಂಟಿರುತ್ತಿತ್ತು. ಹಾಜರಿ ಪುಸ್ತಕ ಹಿಡಿದು ಮನೆ ಮನೆ ಅಲೆದ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅದೇ ಕಾನೂನು ಧರ್ಮದ ಪಾಠವನ್ನು ಸರ್ಕಾರಿ ಶಾಲೆಯಿಂದ ಹೊರಗಿಟ್ಟಿತು. ಭಾನುವಾರದ ಜೊತೆಗೆ ವಾರದಲ್ಲಿ ಇನ್ನೊಂದು ದಿನ ರಜೆ. ಬೇಕಾದವರು ಅವತ್ತು ಶಾಲೆಯ ಹೊರಗೆ ಮಕ್ಕಳಿಗೆ ಧರ್ಮ ಕಲಿಸಬಹುದು. ಚರ್ಚು ಕೆರಳಿತು, ದೇವರಿಲ್ಲದ ಶಾಲೆ ಅಂತ ಬೈಯಿತು. ಅದಕ್ಕೂ ಮೊದಲು, 1880ರಲ್ಲಿ, ಫೆರಿ ಜೆಸ್ವಿಟ್ ಪಾದ್ರಿಗಳನ್ನು ಅವರ ಮಠಗಳಿಂದ ಪೊಲೀಸರ ಕೈಲಿ ಹೊರಹಾಕಿಸಿದ್ದ. ಅದು ಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ. ಒಳ್ಳೆಯ ಶಾಲೆ ಕಟ್ಟುವವನಿಗೆ ಇನ್ನೊಬ್ಬರ ಬಾಗಿಲು ಒಡೆಸುವ ಅಗತ್ಯ ಏನಿತ್ತು?

ಆದರೆ ತರಗತಿಯ ಒಳಗಿನ ಮಾತು ಬಂದಾಗ ಈ ಮನುಷ್ಯ ಎಷ್ಟು ಸೂಕ್ಷ್ಮವಾಗಿ ಯೋಚಿಸುತ್ತಿದ್ದ! ಧರ್ಮದ ಪಾಠ ಹೋಯಿತು, ಅದರ ಜಾಗಕ್ಕೆ ನೀತಿಪಾಠ ಬಂತು. ಮೇಷ್ಟ್ರು ಮಕ್ಕಳಿಗೆ ಏನು ಹೇಳಬೇಕು? ಎಲ್ಲಿ ನಿಲ್ಲಿಸಬೇಕು? ಅದಕ್ಕೆ ಉತ್ತರವಾಗಿ 1883ರ ನವೆಂಬರ್ 17ರಂದು ಫೆರಿ ದೇಶದ ಎಲ್ಲ ಮೇಷ್ಟ್ರುಗಳಿಗೆ ಪತ್ರ ಬರೆದ. ನಾನು ಮೊದಲೇ ಹೇಳಿದ ಪತ್ರ ಇದೇ.

ಅದರ ತಿರುಳು ಹೀಗಿದೆ. ನಿಮ್ಮ ಮಗುವಿನ ಹತ್ತಿರ ಬೇರೆಯವರು ಹೇಗೆ ಮಾತಾಡಬೇಕು ಅಂತ ಬಯಸುತ್ತೀರೋ, ಹಾಗೆಯೇ ಅವರ ಮಗುವಿನ ಹತ್ತಿರ ನೀವು ಮಾತಾಡಿ. ಯಾವುದಾದರೂ ಮಾತು ಹೇಳುವ ಮುಂಚೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ತರಗತಿಯಲ್ಲಿ ಒಬ್ಬ ತಂದೆ ಬಂದು ಕೂತಿದ್ದಾನೆ ಅಂದುಕೊಳ್ಳಿ. ಒಬ್ಬನೇ ಒಬ್ಬ. ನಿಮ್ಮ ಮಾತು ಕೇಳಿ ಆತ ಪ್ರಾಮಾಣಿಕವಾಗಿ, ಇದನ್ನು ನಾನು ಒಪ್ಪಲಾರೆ ಅನ್ನಬಹುದೇ? ಅನ್ನಬಹುದಾದರೆ ಆ ಮಾತು ಹೇಳಬೇಡಿ. ಇಲ್ಲವಾದರೆ ಧೈರ್ಯವಾಗಿ ಹೇಳಿ. ಏಕೆಂದರೆ ಆಗ ನೀವು ಕೊಡುತ್ತಿರುವುದು ನಿಮ್ಮ ಸ್ವಂತ ತಿಳಿವಳಿಕೆಯನ್ನಲ್ಲ, ಮನುಷ್ಯಕುಲದ ತಿಳಿವಳಿಕೆಯನ್ನು.

ಬಹುಮತದ ಮಾತೇ ಇಲ್ಲ ಇಲ್ಲಿ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ ಒಬ್ಬ ತಂದೆಯ ಮನಸ್ಸು ನೋಯಬಾರದು ಅಂತ ದೇಶದ ಪ್ರಧಾನಿ ಹೇಳುತ್ತಿದ್ದಾನೆ. ಹೌದು, ಆಗ ಆತ ಪ್ರಧಾನಿಯೂ ಹೌದು, ಶಿಕ್ಷಣ ಮಂತ್ರಿಯೂ ಹೌದು.

ಪತ್ರ ಬರೆದು ಮೂರೇ ದಿನ. ನವೆಂಬರ್ 20ರಂದು ಫೆರಿ ಶಿಕ್ಷಣ ಖಾತೆ ಬಿಟ್ಟು ವಿದೇಶಾಂಗ ಖಾತೆ ತೆಗೆದುಕೊಂಡ. ಕಾರಣ ಟೊಂಕಿನ್, ಅಂದರೆ ಇವತ್ತಿನ ವಿಯೆಟ್ನಾಮಿನ ಉತ್ತರ ಭಾಗ.

ಎರಡು ವರ್ಷ ಹಿಂದೆ, 1881ರ ಮೇ ತಿಂಗಳಲ್ಲಿ, ಫೆರಿಯ ಸರ್ಕಾರ ಟ್ಯುನಿಶಿಯಾವನ್ನು ತನ್ನ ಹಿಡಿತಕ್ಕೆ ತಂದುಕೊಂಡಿತ್ತು. ಈಗ ಟೊಂಕಿನ್, ಮಡಗಾಸ್ಕರ್, ಕಾಂಗೋ. ಸೋತ ದೇಶ ಮತ್ತೆ ದೊಡ್ಡದಾಗಬೇಕು, ಕಾರ್ಖಾನೆಗಳಿಗೆ ಮಾರುಕಟ್ಟೆ ಬೇಕು, ಹಡಗುಗಳಿಗೆ ಬಂದರು ಬೇಕು ಅನ್ನುವುದು ಲೆಕ್ಕಾಚಾರ. ಟೊಂಕಿನ್ ಮೇಲೆ ಚೀನಾಕ್ಕೂ ಹಕ್ಕಿತ್ತು. 1884ರ ಆಗಸ್ಟ್‌ನಿಂದ ಎರಡು ದೇಶಗಳ ನಡುವೆ ಯುದ್ಧವೇ ನಡೆಯಿತು. ಸಂಸತ್ತಿಗೆ ಫೆರಿ ಪೂರ್ತಿ ವಿಷಯ ಹೇಳುತ್ತಿರಲಿಲ್ಲ. ಒಂದಿಷ್ಟು ಹಣ ಕೇಳುವುದು, ಆಮೇಲೆ ಇನ್ನಷ್ಟು ಕೇಳುವುದು.

1885ರ ಮಾರ್ಚ್ ಕೊನೆಯಲ್ಲಿ ಆ ತಂತಿ ಬಂತು. ಚೀನಾದ ಗಡಿ ಹತ್ತಿರದ ಲಾಂಗ್‌ಸೊನ್ ಎಂಬ ಊರಿನಲ್ಲಿ ಫ್ರೆಂಚ್ ಸೇನಾಪತಿ ಗಾಯಗೊಂಡಿದ್ದ. ಕೆಳಗಿನ ಅಧಿಕಾರಿ ಊರು ಬಿಟ್ಟು ಹಿಂದೆ ಸರಿಯಲು ಅಪ್ಪಣೆ ಕೊಟ್ಟ. ಸುದ್ದಿ ಪ್ಯಾರಿಸ್ ಮುಟ್ಟುವಾಗ ಇಡೀ ಸೈನ್ಯಕ್ಕೇ ಗಂಡಾಂತರ ಬಂದಿದೆ ಅನ್ನುವ ಹಾಗೆ ಮುಟ್ಟಿತು. ನಿಜದಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ಆದರೆ ಪ್ಯಾರಿಸ್ ಕೊತಕೊತ ಕುದಿಯಿತು.

ಮಾರ್ಚ್ 30ರಂದು ಫೆರಿ ಸಂಸತ್ತಿಗೆ ಹೋಗಿ 20 ಕೋಟಿ ಫ್ರಾಂಕ್ ಕೇಳಿದ. ಫೆರಿಯನ್ನು ವಿರೋಧಿಸುತ್ತಿದ್ದ ಕ್ಲೆಮಾನ್ಸೊ ಎಂಬ ಸದಸ್ಯ ಎದ್ದು ನಿಂತ. ನನ್ನ ಎದುರಿಗೆ ಕೂತಿರುವವರು ಮಂತ್ರಿಗಳಲ್ಲ, ದೇಶದ್ರೋಹದ ಆರೋಪಿಗಳು ಎಂದ. ಸರ್ಕಾರ ಬಿತ್ತು. ವಿರುದ್ಧ 306 ಮತ, ಪರವಾಗಿ 149. ಹೊರಗೆ ಗುಂಪು ಸೇರಿದ ಜನ ಫೆರಿಯನ್ನು ನದಿಗೆ ಎಸೆಯಿರಿ ಅಂತ ಕೂಗುತ್ತಿದ್ದರು. ಬರಗಾಲದ ಫೆರಿ ಈಗ 'ಟೊಂಕಿನ್ ಫೆರಿ' ಆದ. ಅದೇ ಹೊತ್ತಿಗೆ ಚೀನಾದ ಜೊತೆ ಗುಟ್ಟಾಗಿ ನಡೆಸುತ್ತಿದ್ದ ಸಂಧಿಯ ಮಾತು ಮುಗಿಯುತ್ತಾ ಬಂದಿತ್ತು. ಐದು ದಿನ ಕಳೆದು, ಏಪ್ರಿಲ್ 4ಕ್ಕೆ, ಸಹಿ ಬಿತ್ತು. ಗುಟ್ಟು ಬಿಟ್ಟುಕೊಟ್ಟರೆ ಮಾತುಕತೆ ಮುರಿಯುತ್ತದೆ ಅಂತ ಫೆರಿ ಸಭೆಯಲ್ಲಿ ಬಾಯಿಬಿಡಲಿಲ್ಲ. ಅಷ್ಟು ಬೈಗುಳ ಕೇಳುತ್ತಾ ಸುಮ್ಮನಿದ್ದ ಆ ಸಂಯಮಕ್ಕೆ ನಾನು ಗೌರವ ಕೊಡುತ್ತೇನೆ.

ಆದರೆ ಅದೇ ವರ್ಷ ಜುಲೈ 28ರಂದು, ಮಡಗಾಸ್ಕರ್‌ಗೆ ಹಣ ಕೊಡುವ ಚರ್ಚೆಯಲ್ಲಿ, ಫೆರಿ ಆಡಿದ ಮಾತಿಗೆ ನನ್ನಲ್ಲಿ ಕ್ಷಮೆ ಇಲ್ಲ. ಮೇಲಿನ ಜನಾಂಗಗಳಿಗೆ ಕೆಳಗಿನ ಜನಾಂಗಗಳ ಮೇಲೆ ಹಕ್ಕಿದೆ, ಏಕೆಂದರೆ ಅವರನ್ನು ನಾಗರಿಕರನ್ನಾಗಿ ಮಾಡುವ ಕರ್ತವ್ಯ ಮೇಲಿನವರಿಗಿದೆ ಎಂದ. ಮಾನವ ಹಕ್ಕುಗಳನ್ನು ಸಾರಿದ ನಾಡಿನಲ್ಲಿ ನಿಂತು ಹೀಗೆ ಹೇಳಲು ಎಷ್ಟು ಧೈರ್ಯ ಅಂತ ಒಬ್ಬ ಸದಸ್ಯ ಕೂತಲ್ಲಿಂದಲೇ ಕೂಗಿದ. ಅದೇ ವಾರ ಕ್ಲೆಮಾನ್ಸೊ ಉತ್ತರ ಕೊಟ್ಟ. ಮೇಲಿನ ಜನಾಂಗ, ಕೆಳಗಿನ ಜನಾಂಗ ಅಂತ ಹೇಳಿಬಿಡುವುದು ಸುಲಭ, ಫ್ರೆಂಚರು ಜರ್ಮನರಿಗಿಂತ ಕೆಳಗಿನವರು, ಅದಕ್ಕೇ ಸೋಲಬೇಕಿತ್ತು ಅಂತ ಜರ್ಮನ್ ಪಂಡಿತರು ಸಾಧಿಸಿದ್ದನ್ನು ನೋಡಿದ ಮೇಲೆ ನಾನು ಈ ಮಾತಿನ ವಿಷಯದಲ್ಲಿ ಬಹಳ ಹುಷಾರಾಗಿದ್ದೇನೆ ಎಂದ. ಆಮೇಲೆ ನಮ್ಮ ಹೆಸರನ್ನೇ ಎತ್ತಿದ. ಹಿಂದೂಗಳು ಕೆಳಗಿನ ಜನಾಂಗವೇ? ಕಾಲದ ಕತ್ತಲಲ್ಲಿ ಮೂಲವೇ ಕಾಣದಷ್ಟು ಹಳೆಯ ಆ ನಾಗರಿಕತೆ? ಇಂದಿಗೂ ಕಣ್ಣಿಗೆ ಕಾಣುವ ಆ ಕಲೆ? ಚೀನಿಯರು ಕೆಳಗಿನವರೇ? ಆಗ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು. ಪಾಂಡಿಚೇರಿ, ಮಾಹೆಗಳು ಫ್ರೆಂಚರ ಕೈಯಲ್ಲಿದ್ದವು. ಪ್ಯಾರಿಸ್ಸಿನ ಸಂಸತ್ತಿನಲ್ಲಿ ಒಬ್ಬ ಎದ್ದುನಿಂತು ನಮ್ಮ ಪರ ಆಡಿದ ಈ ಮಾತನ್ನು ಓದುವಾಗ ನನ್ನ ಗಂಟಲು ಕಟ್ಟಿತು.

ನನ್ನನ್ನು ಕಾಡುವುದು ಇಷ್ಟೇ. ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ತಂದೆಯನ್ನು ಕೂರಿಸಿಕೊಂಡು ಮಾತಾಡಿ ಅಂತ ಬರೆದವನು ಫೆರಿ. ಅವತ್ತು ಆ ಬೆಂಚಿನಲ್ಲಿ ಟೊಂಕಿನ್‌ನ ಒಬ್ಬ ರೈತ ತಂದೆಯನ್ನು ಕೂರಿಸಿಕೊಂಡಿದ್ದರೆ ಆ ಭಾಷಣ ಬಾಯಿಂದ ಬರುತ್ತಿತ್ತೇ? ಫೆರಿಗೆ ಆ ತಂದೆ ಕಾಣಲೇ ಇಲ್ಲ.

ಆಮೇಲಿನ ವರ್ಷಗಳು ಬರೀ ಪೆಟ್ಟುಗಳೇ. 1887ರ ಡಿಸೆಂಬರ್‌ನಲ್ಲಿ ರಾಷ್ಟ್ರಾಧ್ಯಕ್ಷ ಗ್ರೆವಿ ಅಳಿಯನ ಹಗರಣದಿಂದ ರಾಜೀನಾಮೆ ಕೊಟ್ಟರು. ಫೆರಿ ಅಧ್ಯಕ್ಷನಾಗಬಹುದಿತ್ತು. ಆದರೆ ಆತ ಬಂದರೆ ಪ್ಯಾರಿಸ್ ದಂಗೆ ಏಳುತ್ತದೆ ಎಂಬ ಭಯ. ಸಾದಿ ಕಾರ್ನೊ ಗೆದ್ದ. ಒಂದು ವಾರದಲ್ಲೇ, ಡಿಸೆಂಬರ್ 10ರಂದು, ಸಂಸತ್ ಭವನದೊಳಗೇ ಒಬ್ಬ ಫೆರಿಯ ಮೇಲೆ ರಿವಾಲ್ವರ್‌ನಿಂದ ಗುಂಡು ಹಾರಿಸಿದ. ಜೀವ ಉಳಿಯಿತು, ಆರೋಗ್ಯ ಉಳಿಯಲಿಲ್ಲ. 1889ರಲ್ಲಿ ಹುಟ್ಟೂರಿನ ಮತದಾರರೂ ಸೋಲಿಸಿದರು.

1891ರಲ್ಲಿ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆಯ, ಸದಸ್ಯನಾಗಿ ಮರಳಿ ಬಂದ ಫೆರಿಗೆ ಅಲ್ಜೀರಿಯದ ಸ್ಥಿತಿ ನೋಡಿ ವರದಿ ಕೊಡುವ ಕೆಲಸ ಸಿಕ್ಕಿತು. 1892ರಲ್ಲಿ, 60ರ ವಯಸ್ಸಿನಲ್ಲಿ, ಆತ ಅಲ್ಲಿಗೇ ಹೋದ. ಊರೂರು ಸುತ್ತಿ ಅಲ್ಲಿನ ಜನರ ದೂರು ಕೇಳಿದ. ಬಂದು ಬರೆದ ಮಾತು ಇದು. ಅರಬರ ನಾಡಿನಲ್ಲಿ ತನ್ನ ಹಕ್ಕಲ್ಲದೆ ಬೇರೆಯವರ ಹಕ್ಕೂ ಇದೆ ಅಂತ ಯುರೋಪಿನಿಂದ ಬಂದು ನೆಲೆಸಿದವನಿಗೆ ತಿಳಿಸುವುದು ಕಷ್ಟ, ಅಲ್ಲಿನವರು ಬೇಕಾದಷ್ಟು ತೆರಿಗೆ ಹಿಂಡಿ ಬಿಟ್ಟಿ ದುಡಿಸಿಕೊಳ್ಳುವ ಜನವಲ್ಲ. ಸಾಮ್ರಾಜ್ಯವೇ ತಪ್ಪು ಅಂತ ಫೆರಿ ಆಗಲೂ ಹೇಳಲಿಲ್ಲ. ಆದರೆ ಹೋಗಿ ಕಣ್ಣಾರೆ ನೋಡಿದ ಮೇಲೆ ಬಂದ ಈ ಮಾತು ಏಳು ವರ್ಷ ಹಿಂದಿನ ಭಾಷಣದ ಹಾಗಿಲ್ಲ.

1893ರ ಫೆಬ್ರವರಿ 24ರಂದು ಸೆನೆಟ್ ಫೆರಿಯನ್ನು ತನ್ನ ಅಧ್ಯಕ್ಷನನ್ನಾಗಿ ಆರಿಸಿತು. ಮೂರು ವಾರ ಕಳೆಯಿತು. ಮಾರ್ಚ್ 17ರಂದು ಪ್ಯಾರಿಸ್‌ನಲ್ಲಿ ಆತ ತೀರಿಕೊಂಡ.

ಮಣ್ಣು ಮಾಡಿದ್ದು ಸ್ಯಾಂದಿಯೆಯಲ್ಲಿ. ಹಾಗೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ವೋಜ್ ಬೆಟ್ಟಗಳ ಆ ನೀಲಿ ಗೆರೆಗೆ ಎದುರಾಗಿ ಮಲಗಬೇಕು, ಸೋತವರ ಅಳಲು ನನ್ನ ಎದೆಗೆ ಕೇಳಿಬರುವುದು ಅಲ್ಲಿಂದಲೇ ಅನ್ನುವುದು ಆತನ ಆಸೆ. ಆ ಸೋತವರು ಅಂದರೆ ಬೆಟ್ಟದಾಚೆಯ ಆಲ್ಸಾಸಿನವರು. ಆಲ್ಸಾಸ್ ಮತ್ತೆ ಫ್ರಾನ್ಸಿಗೆ ಬಂದದ್ದು 1918ರಲ್ಲಿ. ಟೊಂಕಿನ್‌ನ ಹನೋಯಿಯಿಂದ ಕೊನೆಯ ಫ್ರೆಂಚ್ ಸೈನಿಕರು ಹೊರಟದ್ದು 1954ರ ಅಕ್ಟೋಬರ್‌ನಲ್ಲಿ.

ನಮಸ್ಕಾರ.