ಇಮೇಲ್ ಸರ್ವಿಸ್‌ನವರು ನಿಮ್ಮ ಹೊಸ ಆ್ಯಪ್‌ಗೆ ಅಪ್ರೂವಲ್ ಯಾಕೆ ಕೊಡುವುದಿಲ್ಲ?

ನಮಸ್ಕಾರ. ಆ್ಯಪ್ ರೆಡಿ ಆಯ್ತು. ಸೈನ್‌ಅಪ್ ಆದವರಿಗೆ ಓಟಿಪಿ ಹೋಗಬೇಕು, ಪಾಸ್‌ವರ್ಡ್ ಮರೆತವರಿಗೆ ರೀಸೆಟ್ ಲಿಂಕ್ ಹೋಗಬೇಕು. ಇಮೇಲ್ ಸರ್ವಿಸ್ ಒಂದರಲ್ಲಿ ಅಕೌಂಟ್ ಮಾಡಿ ಅರ್ಜಿ ಹಾಕಿದಿರಿ. ಬಂದ ಉತ್ತರ: ರಿಜೆಕ್ಟ್. ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನುತ್ತಾರಲ್ಲ, ಯಾಕೆ?

ವಿಷಯ ಇಷ್ಟೇ. ನಿಮ್ಮ ಮೇಲ್ ಸಾಮಾನ್ಯವಾಗಿ ಅವರ ಐಪಿ ಅಡ್ರೆಸ್‌ನಿಂದ, ಅಂದರೆ ಇಂಟರ್‌ನೆಟ್‌ನಲ್ಲಿ ಅವರ ಸರ್ವರ್‌ಗಿರುವ ವಿಳಾಸದಿಂದ ಹೋಗುತ್ತದೆ, ಅದೇ ಐಪಿಯಿಂದ ಬೇರೆ ಗ್ರಾಹಕರ ಮೇಲ್‌ಗಳೂ ಹೋಗುತ್ತಿರುತ್ತವೆ. ಅವರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದರೂ ಐಪಿಯ ಹೆಸರು ಕೆಡಬಹುದು, ಏನೂ ಮಾಡದವರ ಓಟಿಪಿಯೂ ಸ್ಪ್ಯಾಮ್ ಫೋಲ್ಡರ್ ಸೇರಬಹುದು. ಅದಕ್ಕೇ ರಿವ್ಯೂ ಮಾಡುವವರಿಗೆ ನಿಮ್ಮ ಆ್ಯಪ್ ಎಷ್ಟು ಚೆನ್ನಾಗಿದೆ ಅನ್ನುವುದು ಬೇಕಿಲ್ಲ. ಮೇಲ್ ತಪ್ಪು ಜಾಗಕ್ಕೆ ಹೋದಾಗ ನೀವು ಏನು ಮಾಡುತ್ತೀರಿ, ಅದು ಬೇಕು.

(ಸ್ಕ್ರೀನ್ ಮೇಲೆ: 200)

ಅಮೆಜಾನ್‌ನ ಇಮೇಲ್ ಕಳಿಸುವ ಸರ್ವಿಸ್ ಎಸ್‌ಇಎಸ್ ನೋಡಿ. ಹೊಸ ಅಕೌಂಟ್ ಮೊದಲು ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಟೆಸ್ಟ್ ಮಾಡಲಷ್ಟೇ ಬಿಡುವ ಮಿತಿಯೊಳಗೆ ಇರುತ್ತದೆ. 24 ಗಂಟೆಗೆ 200 ಮೇಲ್, ಸೆಕೆಂಡಿಗೆ 1, ಅದೂ ನೀವೇ ವೆರಿಫೈ ಮಾಡಿದ ವಿಳಾಸಗಳಿಗೆ ಮಾತ್ರ. ಹೊರಗೆ ಬರಬೇಕು ಅಂದರೆ ಪ್ರೊಡಕ್ಷನ್ ಆ್ಯಕ್ಸೆಸ್ (ನಿಜವಾದ ಯೂಸರ್‌ಗಳಿಗೆ ಕಳಿಸುವ ಅನುಮತಿ) ಕೇಳಬೇಕು, ಅಲ್ಲಿ ನಿಮ್ಮ ಬಳಕೆ ಏನು ಅಂತ ಬರೆಯಬೇಕು. ತುಂಬಾ ಜನ ಎಡವುವುದು ಇಲ್ಲೇ.

"ನಮ್ಮ ಯೂಸರ್‌ಗಳಿಗೆ ನೋಟಿಫಿಕೇಶನ್ ಕಳಿಸಬೇಕು." ಸುಮ್ನೆ ಒಂದು ಸಾಲು. ಸ್ಪ್ಯಾಮ್ ಮಾಡುವವನೂ ಇದನ್ನೇ ಬರೆಯುತ್ತಾನೆ, ಅಲ್ವಾ?

ಬದಲಿಗೆ ಹೀಗೆ ಬರೆಯಿರಿ: "ಆ್ಯಪ್‌ನಲ್ಲಿ ತಾವೇ ಸೈನ್‌ಅಪ್ ಆದವರಿಗೆ ಮಾತ್ರ ಮೇಲ್ ಹೋಗುತ್ತದೆ. ಓಟಿಪಿ, ಪಾಸ್‌ವರ್ಡ್ ರೀಸೆಟ್, ರಸೀದಿ, ಇಷ್ಟೇ. ದಿನಕ್ಕೆ ಸುಮಾರು 300. ಹೊರಗಿನಿಂದ ಲಿಸ್ಟ್ ತರುವುದಿಲ್ಲ. ಮೇಲ್ ಬೌನ್ಸ್ ಆದರೆ (ತಲುಪದೆ ವಾಪಸ್ ಬಂದರೆ) ಅಥವಾ ಯಾರಾದರೂ ಸ್ಪ್ಯಾಮ್ ಅಂತ ಒತ್ತಿದರೆ ನಮ್ಮ ಸರ್ವರ್‌ಗೆ ತಿಳಿಯುತ್ತದೆ, ಆ ವಿಳಾಸಕ್ಕೆ ಮತ್ತೆ ಕಳಿಸುವುದಿಲ್ಲ." ಜೊತೆಗೆ ಮೇಲ್‌ನ ಒಂದು ಮಾದರಿ ಅಂಟಿಸಿ. ಹೇಳಿದ್ದನ್ನು ಕೋಡ್‌ನಲ್ಲೂ ಮಾಡಿರಬೇಕು, ಬರೀ ಬರೆದರೆ ಸಾಲದು. ದಿನಕ್ಕೆ 300 ಸಾಕಾದರೆ 50,000 ಕೇಳಬೇಡಿ, ಹೊಸ ಆ್ಯಪ್‌ಗೆ ಅಷ್ಟು ಯಾಕೆ ಅಂತ ಅನುಮಾನ ಬಂದೇ ಬರುತ್ತದೆ.

ಈ ಬೌನ್ಸ್ ವಿಷಯಕ್ಕೆ ಅಷ್ಟು ಒತ್ತು ಯಾಕೆ? ಎಸ್‌ಇಎಸ್‌ನಲ್ಲಿ ಬೌನ್ಸ್ 5% ಮುಟ್ಟಿದರೆ ಅಕೌಂಟ್ ಪರಿಶೀಲನೆಗೆ ಹೋಗಬಹುದು, 10% ದಾಟಿದರೆ ಮೇಲ್ ಕಳಿಸುವುದನ್ನೇ ನಿಲ್ಲಿಸಬಹುದು. ಸ್ಪ್ಯಾಮ್ ದೂರಿಗೆ ಮಿತಿ ಇನ್ನೂ ಬಿಗಿ: 0.1% ಆದರೇ ಪರಿಶೀಲನೆ. ಸಾವಿರ ಮೇಲ್‌ಗೆ ಒಂದು ದೂರು ಅಷ್ಟೇ!

ಇನ್ನು ಡೊಮೇನ್. ಜಿಮೇಲ್ ವಿಳಾಸದಿಂದ ಕಳಿಸುವ ಯೋಚನೆ ಬಿಡಿ, ನಿಮ್ಮದೇ ಡೊಮೇನ್ ಇರಲಿ. ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ಸೆಟ್ಟಿಂಗ್ ಇರುವ ಜಾಗ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ರೆಕಾರ್ಡ್ ಹಾಕಿ, ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನದೇ ಅಂತ ತೋರಿಸುವುದು ಇವೇ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ, ನೀವು ಮೊದಲ ದಿನವೇ ಮಾಡಿಬಿಡಿ. ಆ ಡೊಮೇನ್ ತೆರೆದರೆ ನಿಜವಾದ ಸೈಟ್ ಕಾಣಬೇಕು, ಪ್ರೈವಸಿ ಪಾಲಿಸಿ ಇರಬೇಕು. ಖಾಲಿ ಪುಟ ನೋಡಿ ಯಾರು ನಂಬುತ್ತಾರೆ ಹೇಳಿ?

ರಿಜೆಕ್ಟ್ ಆದರೆ ಬೇರೆ ಹೆಸರಲ್ಲಿ ಇನ್ನೊಂದು ಅಕೌಂಟ್ ಮಾಡಲು ಹೋಗಬೇಡಿ, ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ನಿಮ್ಮ ಅರ್ಜಿಯ ಅದೇ ಟಿಕೆಟ್‌ಗೆ ಉತ್ತರ ಬರೆದು, ಬಿಟ್ಟುಹೋದ ವಿವರ ಕೊಟ್ಟು ಮತ್ತೆ ಕೇಳಿ. ಅಪ್ರೂವ್ ಆದ ಮೇಲೆ ಬೌನ್ಸ್ ಟೆಸ್ಟ್ ಮಾಡಲು ಸುಳ್ಳು ವಿಳಾಸಗಳಿಗೆ ಕಳಿಸಬೇಡಿ. ಎಸ್‌ಇಎಸ್‌ನಲ್ಲೇ ಮೇಲ್‌ಬಾಕ್ಸ್ ಸಿಮ್ಯುಲೇಟರ್ (ಟೆಸ್ಟ್‌ಗೆಂದೇ ಇರುವ ವಿಳಾಸಗಳು) ಇದೆ, ಅಲ್ಲಿ ಆಗುವ ಬೌನ್ಸ್ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ.